ಮೈಲುತುತ್ತದ ನೀಲಿ, ಬ್ಯಾಟರಿಯ ಕೊನೇ ಗೆರೆ

"ಮೋಟರ್ ಇದ್ದರೆ ಅದು ಸೈಕಲ್ಲೇ ಅಲ್ಲ" ಅನ್ನೋದು ನಮ್ಮನೆಯವರ ವಾದ. ಭಾನುವಾರ ಬೆಳಗಿನ ಜಾವ ಎದ್ದು ನಂದಿ ಬೆಟ್ಟ ಹತ್ತುವ ಗುಂಪಿಗೆ ಸೇರಿದವರು ಇವರು. ನನಗೆ ಐವತ್ತೊಂದು ವರ್ಷ. ಮೆಟ್ಟಿಲು ಕಂಡರೆ ಎಡ ಮಂಡಿ ಗೊಣಗುತ್ತದೆ. ಇಟಲಿಯಲ್ಲಿ ಸೈಕಲ್ ರಜೆ ಅಂತ ಇವರು ಶುರು ಮಾಡಿದಾಗ ನಾನು ಹಾಕಿದ ಷರತ್ತು ಒಂದೇ: ಎಲೆಕ್ಟ್ರಿಕ್ ಬೈಕಾದರೆ ಬರ್ತೀನಿ, ಇಲ್ಲಾಂದ್ರೆ ನೀವೊಬ್ಬರೇ ಹೋಗಿ ಬನ್ನಿ. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದರು. ಆಮೇಲೆ ಇಬ್ಬರಿಗೂ ಎಲೆಕ್ಟ್ರಿಕ್ ಬೈಕೇ ಬುಕ್ ಆಯಿತು. ಹೆಂಡತಿ ಮೋಟರ್ ಹಾಕಿಕೊಂಡು ಮುಂದೆ ಹೋದರೆ ತಾನು ಹಿಂದೆ ಏದುಸಿರು ಬಿಡುವ ಚಿತ್ರ ಕಣ್ಣಿಗೆ ಕಟ್ಟಿರಬೇಕು.

ಜಾಗ ಆರಿಸಿದ್ದು ನಾನು. ಟಸ್ಕನಿ ಬೇಡ ಅಂದೆ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ವಾಯವ್ಯ ಇಟಲಿಯ ಪೀಯೆಮೊಂಟೆ ಪ್ರಾಂತ್ಯದಲ್ಲಿ ಲಾಂಗೆ ಅಂತ ಒಂದು ಗುಡ್ಡಗಾಡು ಸೀಮೆ ಇದೆ. ಬರೋಲೋ, ಬಾರ್ಬರೆಸ್ಕೋ ಅನ್ನುವ ಎರಡು ದೊಡ್ಡ ಹೆಸರಿನ ವೈನ್ ಹುಟ್ಟುವುದು ಇಲ್ಲೇ. ಇಲ್ಲಿನ ದ್ರಾಕ್ಷಿ ಗುಡ್ಡಗಳನ್ನು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನನ್ನು ಎಳೆದದ್ದು ಪಟ್ಟಿ ಅಲ್ಲ. ಫೋಟೋಗಳಲ್ಲಿ ಗುಡ್ಡದ ತುದಿಯಲ್ಲಿ ಊರು, ಕೆಳಗೆ ತೋಟ, ಅದರ ಕೆಳಗೆ ಹಳ್ಳ ಕಂಡಿತು. ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮ ಊರಲ್ಲಿ ಅಡಿಕೆ ತೋಟ ಹಳ್ಳದ ಬದಿಗೆ, ಮನೆ ಅದರ ಮೇಲೆ. ಹೆಚ್ಚು ಕಡಿಮೆ ಅದೇ ನಕ್ಷೆ.

'ಸೆಲ್ಫ್ ಗೈಡೆಡ್' ಅಂದರೆ ಏನು ಅಂತ ಹೊರಡುವ ಮುಂಚೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕಂಪನಿಯವರು ಹೋಟೆಲ್ ಬುಕ್ ಮಾಡುತ್ತಾರೆ. ಬೈಕ್ ಕೊಡುತ್ತಾರೆ. ದಿನಾ ಬೆಳಿಗ್ಗೆ ವ್ಯಾನ್ ಬಂದು ನಮ್ಮ ಸೂಟ್‌ಕೇಸನ್ನು ಮುಂದಿನ ಊರಿಗೆ ಸಾಗಿಸುತ್ತದೆ. ದಾರಿ ಮೊಬೈಲಿನ ಆ್ಯಪ್‌ನಲ್ಲಿ ಇರುತ್ತದೆ. ಉಳಿದದ್ದೆಲ್ಲ ನಿಮ್ಮ ಹಣೆಬರಹ. ಮುಂದೆ ಹೋಗಿ 'ಬನ್ನಿ ಬನ್ನಿ' ಅನ್ನುವವರು ಯಾರೂ ಇಲ್ಲ. ಕೇಳಲು ಚೆನ್ನಾಗಿರುತ್ತದೆ, ಅಲ್ವಾ?

ವೀಸಾ ಕಥೆ ಜಾಸ್ತಿ ಹೇಳುವುದಿಲ್ಲ. ಷೆಂಗೆನ್ ವೀಸಾಗೆ ಬೆಂಗಳೂರಲ್ಲೇ ಅರ್ಜಿ ಕೊಟ್ಟೆವು, ಶುಲ್ಕ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ವಿಮೆ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ತೋರಿಸಬೇಕಲ್ಲ, ಆಗ ಕಂಪನಿಯವರು ಕೊಟ್ಟ ಒಂದೇ ಹಾಳೆಯ ಹೋಟೆಲ್ ಪಟ್ಟಿ ತುಂಬಾ ಉಪಯೋಗಕ್ಕೆ ಬಂತು. ಒಂದು ಮಾತು ಮಾತ್ರ. ನಮ್ಮದೇ ಎಲೆಕ್ಟ್ರಿಕ್ ಬೈಕ್ ತಗೊಂಡು ಹೋಗೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ ಬಿಟ್ಟುಬಿಡಿ. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಗೆ ಅವಕಾಶ ಇಲ್ಲ. ಬೈಕಿನ ಬ್ಯಾಟರಿ 500ರ ಆಸುಪಾಸಿನದ್ದು.

ಅಕ್ಟೋಬರ್ ಮೊದಲ ವಾರ ಟೊರಿನೋದಿಂದ ರೈಲು ಹಿಡಿದು ಆಲ್ಬಾ ಊರಿಗೆ ಇಳಿದೆವು. ಇಳಿಯುತ್ತಿದ್ದ ಹಾಗೇ ಗಾಳಿಯಲ್ಲಿ ಹುರಿದ ವಾಸನೆ. ಕಡಲೆಬೀಜ ಹುರಿಯುತ್ತಿದ್ದಾರೆ ಅಂದುಕೊಂಡೆ. ಹೇಝಲ್‌ನಟ್ ಅದು. ನುಟೆಲ್ಲಾ ಮಾಡುವ ಫೆರೇರೋ ಕಂಪನಿ 1946ರಲ್ಲಿ ಶುರುವಾದದ್ದು ಇದೇ ಊರಲ್ಲಿ. ಯುದ್ಧ ಮುಗಿದ ಕಾಲ, ಕೋಕೋಗೆ ಬರ. ಸುತ್ತಮುತ್ತ ಗುಡ್ಡದಲ್ಲಿ ಹೇಝಲ್‌ನಟ್ ಧಾರಾಳ. ಕೋಕೋ ಕಡಿಮೆ ಮಾಡಿ ಬೀಜ ಜಾಸ್ತಿ ಮಾಡಿದರು. ನುಟೆಲ್ಲಾ ಅನ್ನುವ ಹೆಸರು ಬಂದದ್ದು 1964ರಲ್ಲಿ.

ಹೋಟೆಲಿನ ಅಂಗಳದಲ್ಲಿ ಒಬ್ಬ ಹುಡುಗ ಎರಡು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಕ್ಕಾಲು ಗಂಟೆ ಪಾಠ ಮಾಡಿದ. ಒಂದೊಂದು ಬೈಕ್ 24 ಕಿಲೋ. ಮೋಟರ್ 250 ವಾಟ್. ನೀವು ತುಳಿದರೆ ಮಾತ್ರ ಅದೂ ತುಳಿಯುತ್ತದೆ, ಸುಮ್ನೆ ಕೂತರೆ ಅದೂ ಸುಮ್ನೆ. ಗಂಟೆಗೆ 25 ಕಿಲೋಮೀಟರ್ ದಾಟಿದರೆ ಮೋಟರ್ ಕೈಬಿಡುತ್ತದೆ, ಯುರೋಪಿನ ಕಾನೂನು ಹಾಗೆ. ಹ್ಯಾಂಡಲ್ ಮೇಲೆ ನಾಲ್ಕು ಹಂತ: ಇಕೋ, ಟೂರ್, ಸ್ಪೋರ್ಟ್, ಟರ್ಬೋ. ಪರದೆಯಲ್ಲಿ ಬ್ಯಾಟರಿಗೆ ಐದು ಗೆರೆ. "ಟರ್ಬೋ ಅಂದರೆ ಐಸ್‌ಕ್ರೀಮ್ ಇದ್ದ ಹಾಗೆ, ದಿನಕ್ಕೆ ಒಂದು ಸಲ ಸಾಕು" ಅಂತ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಬ್ಯಾಟರಿ ತೆಗೆಯುವ ಕೀಲಿ ಕೊಟ್ಟ, ಚಾರ್ಜರ್ ಕೊಟ್ಟ, ಪಂಕ್ಚರ್ ಡಬ್ಬಿ ಕೊಟ್ಟ. ಹೆಲ್ಮೆಟ್ ಕಡ್ಡಾಯ ಅಲ್ಲ ಅಂದ, ನಾವು ಹಾಕಿಕೊಂಡೆವು. ಇಷ್ಟೆಲ್ಲ ಹೇಳಿದವನು ಚಾರ್ಜರನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಹೇಳಿದನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ನಾನು ಆಗ ಬೆಲ್ ಹೊಡೆದು ನೋಡುತ್ತಿದ್ದೆ.

ಮೊದಲ ದಿನ ಆಲ್ಬಾದಿಂದ ಬಾರ್ಬರೆಸ್ಕೋ, ನೇಯ್ವೆ, ತ್ರೆಯ್ಸೋ ಸುತ್ತಿ ವಾಪಸ್ ಆಲ್ಬಾ. ಮೂವತ್ತು ಚಿಲ್ಲರೆ ಕಿಲೋಮೀಟರ್. ನನಗೆ ಏರಿಗಿಂತ ಕಷ್ಟವಾದದ್ದು ರಸ್ತೆಯ ಬಲಗಡೆ. ನೇರ ರಸ್ತೆಯಲ್ಲಿ ಪರವಾಗಿಲ್ಲ, ಸರ್ಕಲ್ ಬಂತು ಅಂದರೆ ಕೈ ತಾನಾಗಿ ಎಡಕ್ಕೆ ತಿರುಗುತ್ತದೆ. ಮೊದಲ ಸರ್ಕಲ್‌ನಲ್ಲಿ ಇಳಿದು ತಳ್ಳಿಕೊಂಡು ದಾಟಿದೆ. ಹಿಂದಿದ್ದ ಲಾರಿಯವನು ಹಾರ್ನ್ ಮಾಡದೆ ಕಾದ. ಹಾರ್ನ್ ಮಾಡದ ಲಾರಿ ಕಂಡರೆ ನಮಗೆ ಇನ್ನೂ ಭಯ.

ಊರು ಬಿಟ್ಟ ಮೇಲೆ ಏರು ಶುರು. ಟೂರ್ ಹಂತಕ್ಕೆ ಹಾಕಿ ತುಳಿದೆ. ಯಾರೋ ಬೆನ್ನಿಗೆ ಕೈ ಇಟ್ಟು ಮೆಲ್ಲಗೆ ದಬ್ಬಿದ ಹಾಗೆ. ಚಿಕ್ಕವಳಿದ್ದಾಗ ಸೈಕಲ್ ಕಲಿಸುವಾಗ ಅಪ್ಪ ಸೀಟು ಹಿಡಿದು ಓಡಿ ಬರುತ್ತಿದ್ದರಲ್ಲ, ಥೇಟ್ ಹಾಗೆ. ಮಂಡಿ ಸದ್ದೆತ್ತಲಿಲ್ಲ. ಹಿಂದೆ ತಿರುಗಿ ನೋಡಿದರೆ ಇವರು ಮೋಟರ್ ಆರಿಸಿಕೊಂಡು ತುಳಿಯುತ್ತಿದ್ದಾರೆ, ಮುಖ ಟೊಮ್ಯಾಟೊ. ಎರಡನೇ ತಿರುವಿನಲ್ಲಿ 'ಪೀಂ' ಅಂತ ಒಂದು ಸಣ್ಣ ಸದ್ದು ಕೇಳಿಸಿತು. ಮೋಟರ್ ಆನ್ ಮಾಡಿದ ಸದ್ದು ಅದು. ಕೇಳಿಸದವಳ ಹಾಗೆ ಮುಂದೆ ಹೋದೆ. ಗುಡ್ಡದ ತುದಿಯಲ್ಲಿ ಇವರ ಪರದೆ ನೋಡಿದೆ. ಟರ್ಬೋ!

ಬಾರ್ಬರೆಸ್ಕೋ ಅಂದರೆ ಒಂದು ಗೋಪುರ, ಒಂದೇ ಬೀದಿ, ಕೆಳಗೆ ತಾನರೋ ನದಿ. ಅಲ್ಲಿನ ಬೆಳೆಗಾರರ ಸಹಕಾರಿ ಸಂಘದ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. 1958ರಲ್ಲಿ ಊರಿನ ಪಾದ್ರಿ 19 ಜನ ಸಣ್ಣ ರೈತರನ್ನು ಒಟ್ಟು ಮಾಡಿದರಂತೆ. ಬಿಡಿಬಿಡಿಯಾಗಿ ದ್ರಾಕ್ಷಿ ಮಾರಿದರೆ ದಲ್ಲಾಳಿ ಹೇಳಿದ್ದೇ ರೇಟು, ಒಟ್ಟಿಗೆ ವೈನ್ ಮಾಡಿದರೆ ನಮ್ಮದೇ ಹೆಸರು ಅನ್ನುವ ಲೆಕ್ಕ. ಮೊದಲ ವರ್ಷಗಳ ವೈನ್ ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಆ ಸಂಘ ಇವತ್ತಿಗೂ ಇದೆ, ಚೆನ್ನಾಗಿಯೇ ಇದೆ. ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಮ್ಯಾಮ್ಕೋಸ್‌ಗೆ ಅಡಿಕೆ ಹಾಕುವ ಮನೆಯಿಂದ ಬಂದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲೇ ಮೊದಲ ಸಲ ನೆಬ್ಬಿಯೋಲೋ ದ್ರಾಕ್ಷಿಯ ವೈನ್ ಬಾಯಿಗೆ ಹಾಕಿದ್ದು. ನೆಬ್ಬಿಯಾ ಅಂದರೆ ಮಂಜು. ಅದು ಹಣ್ಣಾಗುವ ಹೊತ್ತಿಗೆ ಕಣಿವೆಯಲ್ಲಿ ಮಂಜು ಕೂರುತ್ತದೆ, ಅದಕ್ಕೇ ಆ ಹೆಸರು ಅನ್ನುತ್ತಾರೆ. ಬಣ್ಣ ನೋಡಿ ಮೋಸ ಹೋಗಬೇಡಿ. ತಿಳಿ ಕೆಂಪು, ನೀರು ಬೆರೆಸಿದ ಹಾಗೆ. ಬಾಯಿಗೆ ಹಾಕಿದರೆ ವಸಡು, ನಾಲಿಗೆ, ಕೆನ್ನೆಯ ಒಳಗೆಲ್ಲ ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿದ್ದ ಅಮೆರಿಕದ ದಂಪತಿ ಟ್ಯಾನಿನ್, ಟ್ಯಾನಿನ್ ಅಂತ ಏನೇನೋ ವಿವರಿಸುತ್ತಿದ್ದರು. ನಮ್ಮಲ್ಲಿ ಅದಕ್ಕೆ ಒಂದೇ ಮಾತು: ಒಗರು. ಅಡಿಕೆ ಬೇಯಿಸಿದ ಹಂಡೆಯ ತಳದ ಚೊಗರಿಗೆ ಬೆರಳದ್ದಿ ನೆಕ್ಕಿ ಅಮ್ಮನ ಹತ್ತಿರ ಬೈಸಿಕೊಂಡವಳು ನಾನು. ಆ ಒಗರೇ ಇದು. ಹಿಂದಿನಿಂದ ಗುಲಾಬಿ ಪರಿಮಳ, ಅದರ ಹಿಂದೆ ಎಲ್ಲೋ ಹೊಸ ಡಾಂಬರಿನ ವಾಸನೆ. ಡಾಂಬರು ಅಂತ ನಾನು ಹೇಳಿದ್ದಕ್ಕೆ ಸುರಿದುಕೊಟ್ಟ ಹುಡುಗಿ ಜೋರಾಗಿ ತಲೆಯಾಡಿಸಿದಳು. ತಿಳಿದವರೂ ಗುಲಾಬಿ ಮತ್ತು ಡಾಂಬರು ಅಂತಲೇ ಹೇಳುವುದಂತೆ.

ಕುಡಿದು ತುಳಿಯುವ ವಿಷಯ ಹೇಳಿಬಿಡುತ್ತೇನೆ. ಇಟಲಿಯಲ್ಲಿ ವಾಹನ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ ಅರ್ಧ ಗ್ರಾಂ ದಾಟಬಾರದು. ಸೈಕಲ್ಲಿಗೂ ವಿನಾಯಿತಿ ಇಲ್ಲ. ಮೇಜಿನ ಮೇಲೆ ಉಗುಳುವುದಕ್ಕೆ ಅಂತಲೇ ಒಂದು ಪಾತ್ರೆ ಇಟ್ಟಿರುತ್ತಾರೆ. ಮೊದಲು ನಾಚಿಕೆಯಾಯಿತು. ಆಮೇಲೆ, ಕವಳ ಹಾಕಿ ಉಗುಳುವ ನಾಡಿನವಳು ನಾನು, ಇದಕ್ಕೆ ನಾಚುವುದಾ ಅನ್ನಿಸಿತು.

ಊಟದ ಮಾತು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಇವರಿಗೆ ಎಲ್ಲ ನಡೆಯುತ್ತದೆ. ಪೀಯೆಮೊಂಟೆ ಸಸ್ಯಾಹಾರಿಗಳ ಸ್ವರ್ಗ ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ. ಹಸಿ ಕರುವಿನ ಮಾಂಸ ಕೊಚ್ಚಿ ತಿನ್ನುವ ಊರು ಅದು. ಆದರೆ ತಯಾರೀನ್ ಅಂತ ಒಂದು ಇದೆ. ನಮ್ಮ ಶ್ಯಾವಿಗೆಗಿಂತ ಸ್ವಲ್ಪ ದಪ್ಪದ ಹಳದಿ ಎಳೆ. ಒಂದು ಕಿಲೋ ಹಿಟ್ಟಿಗೆ ಮೂವತ್ತು, ನಲವತ್ತು ಮೊಟ್ಟೆಯ ಹಳದಿ ಹಾಕಿ ಕಲಸಿ, ಚಾಕುವಿನಲ್ಲಿ ಸಣ್ಣಗೆ ಕತ್ತರಿಸುತ್ತಾರೆ. ಬೆಣ್ಣೆ ಕರಗಿಸಿ ಸೇಜ್ ಎಲೆ ಹಾಕಿ ಬಾಡಿಸಿ ಅದರ ಮೇಲೆ ಸುರಿದರೆ ಮುಗಿಯಿತು. ಆರು ದಿನದಲ್ಲಿ ಐದು ಸಲ ತಿಂದೆ, ಐದು ಸಲವೂ ತಟ್ಟೆಯ ಬೆಣ್ಣೆಯನ್ನು ಬ್ರೆಡ್ಡಿನಲ್ಲಿ ಒರೆಸಿದೆ.

ನನ್ನ ಶತ್ರು ಆಂಚೊವಿ ಮೀನು. ಪೀಯೆಮೊಂಟೆಗೆ ಸಮುದ್ರ ಇಲ್ಲ. ಆದರೆ ಹಿಂದಿನ ಕಾಲದಲ್ಲಿ ಲಿಗೂರಿಯಾ ಕರಾವಳಿಯಿಂದ ಗುಡ್ಡ ದಾಟಿ ಉಪ್ಪು ಬರುತ್ತಿತ್ತು, ಉಪ್ಪಿನ ಜೊತೆ ಉಪ್ಪು ಹಾಕಿದ ಈ ಪುಟ್ಟ ಮೀನೂ ಬಂತು. ಬಂದದ್ದು ಹೋಗಲೇ ಇಲ್ಲ. ಒಂದು ಊರಲ್ಲಿ ಊಟಕ್ಕೆ ಮೊದಲು ಹಸಿರು ಚಟ್ನಿ ತಂದಿಟ್ಟರು. ಕೊತ್ತಂಬರಿಯ ಅಣ್ಣನ ಹಾಗಿರುವ ಪಾರ್ಸ್ಲಿ, ಬೆಳ್ಳುಳ್ಳಿ, ಎಣ್ಣೆ. ನಮ್ಮೂರ ಚಟ್ನಿಯೇ ಸಿಕ್ಕಿತು ಅಂತ ಮುಕ್ಕಾಲು ಬಟ್ಟಲು ಖಾಲಿ ಮಾಡಿದೆ. ಇಷ್ಟು ರುಚಿ ಯಾವುದರಿಂದ ಬಂತು ಅಂತ ಕೇಳಿದರೆ "ಅಚ್ಚೂಗೆ!" ಅಂದಳು ಆ ಹೆಂಗಸು, ಹೆಮ್ಮೆಯಿಂದ. ಅರೆದ ಆಂಚೊವಿ. ಇವರು ನೀರು ಕುಡಿಯುತ್ತಿದ್ದವರು ಮೂಗಿನಿಂದ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ನನ್ನ ಬಾಯಿಪಾಠ: "ಸೆನ್ಸಾ ಕಾರ್ನೆ, ಸೆನ್ಸಾ ಅಚ್ಚೂಗೆ." ಮಾಂಸ ಬೇಡ, ಆಂಚೊವಿ ಬೇಡ. ಸಸ್ಯಾಹಾರಿ ಅಂದರೆ ಸಾಲದು, ಎರಡೂ ಹೆಸರು ಹಿಡಿದು ಹೇಳಬೇಕು. ಇನ್ನೊಂದು, ಎರಡೂವರೆ ದಾಟಿತು ಅಂದರೆ ಅಡುಗೆಮನೆ ಬಂದ್, ಮತ್ತೆ ಬೆಂಕಿ ಕಾಣುವುದು ಸಂಜೆ ಏಳೂವರೆಗೆ. ಸೈಕಲ್ ತುಳಿದ ಹಸಿವಿಗೆ ಇದು ಗೊತ್ತಾಗುವುದಿಲ್ಲ. ಚೀಲದಲ್ಲಿ ಚಕ್ಕುಲಿ ಇದ್ದದ್ದು ಒಳ್ಳೆಯದಾಯಿತು.

ಬಿಳಿ ಟ್ರಫಲ್ ಕೂಡ ತಿಂದೆ. ಆಲ್ಬಾದ ಟ್ರಫಲ್ ಜಾತ್ರೆ ಆಗಷ್ಟೇ ಶುರುವಾಗಿತ್ತು. ಮಣ್ಣಿನೊಳಗೆ ಮರದ ಬೇರಿಗೆ ಅಂಟಿಕೊಂಡು ಬೆಳೆಯುವ ಗಡ್ಡೆಯಂಥ ಅಣಬೆ, ನಾಯಿ ಮೂಸಿ ಹುಡುಕಬೇಕು. ನಮ್ಮ ಕಡೆ ಮೊದಲ ಮಳೆಗೆ ನೆಲ ಕೆದಕಿ ತೆಗೆಯುವ ಕಲ್ಲಣಬೆಯ ದೂರದ ನೆಂಟ ಅಂತ ನಾನು ಅಂದುಕೊಂಡೆ. ಹೋಟೆಲಿನವರು ತಕ್ಕಡಿಯಲ್ಲಿ ಗಡ್ಡೆಯನ್ನು ತೂಗಿದರು, ಬುಲ್ಸೈ ಮೊಟ್ಟೆಯ ಮೇಲೆ ಹೆರೆದರು, ಮತ್ತೆ ತೂಗಿದರು. ಕಡಿಮೆಯಾದಷ್ಟು ಗ್ರಾಮಿಗೆ ದುಡ್ಡು. ಚಿನ್ನದಂಗಡಿಯಲ್ಲಿ ಕೂತ ಹಾಗಾಯಿತು. ವಾಸನೆ? ಬೆಳ್ಳುಳ್ಳಿ, ಒದ್ದೆ ಮಣ್ಣು, ಆಮೇಲೆ ಗ್ಯಾಸ್ ಸೋರುತ್ತಿದೆಯೇನೋ ಅನ್ನುವ ಅನುಮಾನ. ಇವರು ಕಣ್ಣು ಮುಚ್ಚಿಕೊಂಡು ತಿಂದರು. ನನಗೆ ಒಂದು ಸಲಕ್ಕೆ ಸಾಕು.

ಎರಡನೇ ದಿನ ಆಲ್ಬಾ ಬಿಟ್ಟು ಗ್ರಿಂಜಾನೆ ಕವೂರ್, ಸೆರ್ರಲುಂಗಾ ದಾಟಿ ಮೊನ್‌ಫೋರ್ತೆಗೆ. ಗ್ರಿಂಜಾನೆಯ ಕೋಟೆ ಇಟಲಿಯನ್ನು ಒಂದು ದೇಶ ಮಾಡಿದ ಕವೂರ್ ಅವರದ್ದು. ಅವರು 17 ವರ್ಷ ಆ ಪುಟ್ಟ ಊರಿನ ಮೇಯರ್ ಆಗಿದ್ದರು. ಕೋಟೆಯ ಒಳಗೆ ಹೋಗಲಿಲ್ಲ, ಹೊರಗೆ ಕೂತು ಚಕ್ಕುಲಿ ತಿಂದೆವು. ದಾರಿಯಲ್ಲಿ ಒಂದು ದೈತ್ಯ ಬೆಂಚು ಸಿಕ್ಕಿತು. ಕ್ರಿಸ್ ಬ್ಯಾಂಗಲ್ ಅನ್ನುವ ಅಮೆರಿಕದ ಕಾರ್ ಡಿಸೈನರ್ 2010ರಲ್ಲಿ ಈ ಸೀಮೆಯಲ್ಲಿ ಮೊದಲನೆಯದನ್ನು ಮಾಡಿದ್ದು, ಈಗ ಗುಡ್ಡ ಗುಡ್ಡಕ್ಕೂ ಒಂದೊಂದು. ಹತ್ತಿ ಕೂತರೆ ಮಕ್ಕಳ ಹಾಗೆ ಕಾಲು ನೇತಾಡುತ್ತದೆ. ಇವರಿಗೆ ಫೋಟೋ ಬೇಕಿತ್ತು. ನನಗೆ ಸರದಿ ನಿಂತು ಬೆಂಚ್ ಹತ್ತುವುದು ಅಷ್ಟಕ್ಕಷ್ಟೆ.

ಅವತ್ತು ರಾತ್ರಿ ಉಳಿದ ಮನೆಯಲ್ಲಿ ಬೈಕ್ ಇಡಲು ಕೆಳಗೆ ಒಂದು ಕೊಟ್ಟಿಗೆಯಂಥ ಕೋಣೆ ಕೊಟ್ಟರು. ಗೋಡೆಯಲ್ಲಿ ಎರಡು ಪ್ಲಗ್. ಒಂದಕ್ಕೆ ಇವರ ಚಾರ್ಜರ್, ಇನ್ನೊಂದಕ್ಕೆ ನನ್ನದು. ಎರಡರಲ್ಲೂ ಹಸಿರು ದೀಪ ಮಿನುಗಿದ್ದನ್ನು ಕಣ್ಣಾರೆ ನೋಡಿಯೇ ಬಂದೆ. ಮೂರನೇ ದಿನ ಇಡೀ ಜಡಿಮಳೆ. ಕಿಟಕಿ ಪಕ್ಕ ಕೂತು ಹೇಝಲ್‌ನಟ್ ಕೇಕ್ ತಿಂದು, ಮಂಜಿನಲ್ಲಿ ಎದುರು ಗುಡ್ಡ ಬರುವುದು ಹೋಗುವುದು ನೋಡಿದೆವು. ಬೈಕಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಬಿಸಿಲು. ಎಂಟೂವರೆಗೆ ಇವರು ಕೆಳಗೆ ಹೋಗಿ ಎರಡೂ ಚಾರ್ಜರ್ ಕಿತ್ತು ತಂದು ನೀಟಾಗಿ ಸೂಟ್‌ಕೇಸಲ್ಲಿಟ್ಟರು. ಒಂಬತ್ತಕ್ಕೆ ವ್ಯಾನ್ ಬಂತು, ಹೋಯಿತು. ಒಂಬತ್ತೂ ಕಾಲಿಗೆ ನಾನು ಬೈಕ್ ಆನ್ ಮಾಡಿದೆ. ಐದು ಗೆರೆ ಇರಬೇಕಾದಲ್ಲಿ ಒಂದು.

ಮನೆಯ ಯಜಮಾನಿಯನ್ನು ಕರೆದೆ. ಆಕೆ ಪ್ಲಗ್ ನೋಡಿದಳು, ಗೋಡೆಯ ಸ್ವಿಚ್ ನೋಡಿದಳು, ಹಣೆಗೆ ಕೈ ಇಟ್ಟುಕೊಂಡಳು. ನನ್ನ ಪ್ಲಗ್ ದೀಪದ ಸ್ವಿಚ್ಚಿನ ಲೈನಿನಲ್ಲೇ ಇತ್ತು. ಕರೆಂಟ್ ಯಾಕೆ ದಂಡ ಅಂತ ರಾತ್ರಿ ದೀಪ ಆರಿಸಿದ್ದಳು. ಬೈಯುವುದಕ್ಕೂ ಮನಸ್ಸು ಬರಲಿಲ್ಲ, ನಮ್ಮಮ್ಮನೂ ಅದನ್ನೇ ಮಾಡುತ್ತಿದ್ದಳು.

ಇವರು ಎಂಜಿನಿಯರ್. ತಿಂಡಿ ಮೇಜಿನ ಟಿಶ್ಯೂ ಪೇಪರ್ ತಗೊಂಡು ಲೆಕ್ಕ ಶುರು ಮಾಡಿದರು. ನೀನು, ಬೈಕು, ಚೀಲ ಸೇರಿ 95 ಕಿಲೋ. ಅಷ್ಟನ್ನು 100 ಮೀಟರ್ ಎತ್ತರಕ್ಕೆ ಎತ್ತಲು 26 ವಾಟ್-ಅವರ್ ಬೇಕು. ಒಂದು ಗೆರೆ ಅಂದರೆ ಜಾಸ್ತಿ ಅಂದರೆ 100. ಅರ್ಧ ಕೆಲಸ ನೀನು ಮಾಡಿದರೆ ಇವತ್ತು ಉಳಿಯುವ ಊರು ಲಾ ಮೊರ್ರಾ ಮುಟ್ಟಬಹುದು. ಅರ್ಧ ಕೆಲಸ ನಾನು! ಮಂಡಿಯ ಸಾಮರ್ಥ್ಯ ಎಷ್ಟು ವಾಟ್-ಅವರ್ ಅಂತ ಟಿಶ್ಯೂ ಪೇಪರಿನಲ್ಲಿ ಇರಲಿಲ್ಲ.

ಅವತ್ತು ಗುಡ್ಡವನ್ನು ನಾನು ಬೇರೆ ಥರ ನೋಡಿದೆ. ಇಳಿಜಾರು ಬಂದರೆ ಖುಷಿಯಾಗುವ ಬದಲು ಹೊಟ್ಟೆ ಚುರುಕ್ ಅನ್ನುತ್ತಿತ್ತು, ಇಳಿದಷ್ಟೂ ಮತ್ತೆ ಹತ್ತಬೇಕಲ್ಲ. ಸಪಾಟಾದ ಕಡೆ ಮೋಟರ್ ಆಫ್. ಕಸ್ತಿಲ್ಯೋನೆ ಫಲ್ಲೆತ್ತೋ ಊರಿನ ಏರಿಗೆ ಇಕೋ. ಮೆಲ್ಲಗೆ ಹೋದದ್ದರಿಂದ ಒಂದು ವಿಷಯ ಗಮನಕ್ಕೆ ಬಂತು. ಒಂದೇ ಗುಡ್ಡ, ಬಿಸಿಲು ಬೀಳುವ ಮಗ್ಗುಲಿಗೆ ಪೂರ್ತಿ ದ್ರಾಕ್ಷಿ. ತಿರುವು ದಾಟಿ ನೆರಳಿನ ಮಗ್ಗುಲಿಗೆ ಬಂದರೆ ಹೇಝಲ್‌ನಟ್, ಇಲ್ಲವೇ ಕಾಡು. ಬಿಸಿಲು ಮಗ್ಗುಲಿಗೆ ಅವರ ಭಾಷೆಯಲ್ಲಿ ಸೊರೀ ಅನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಜಾಗ. ಕೆಲವು ಬಾಟಲಿಗಳ ಮೇಲೂ ಆ ಮಗ್ಗುಲಿನ ಹೆಸರೇ ಇರುತ್ತದೆ. ಅಡಿಕೆಗೆ ಬಿಸಿಲು ಬಡಿಯಬಾರದು ಅಂತ ಪಡುವಣ ದಿಕ್ಕಿಗೆ ಮರ ಬೆಳೆಸುವ ನಾವು, ಬಿಸಿಲಿಗಾಗಿ ಸಾಯುವ ಇವರು.

ಕೊಯ್ಲು ನಡೆದಿತ್ತು. ಕಡಿದಾದ ಇಳಿಜಾರಿನಲ್ಲಿ ಬಗ್ಗಿ, ಕತ್ತರಿಯಲ್ಲಿ ಗೊಂಚಲು ಕತ್ತರಿಸಿ ಬುಟ್ಟಿಗೆ. ಯಂತ್ರ ಇಲ್ಲ. ಕೆಲಸದವರಲ್ಲಿ ಪೂರ್ವ ಯುರೋಪಿನವರು, ಆಫ್ರಿಕಾದವರು ತುಂಬಾ ಜನ. ಊರಿನ ಹುಡುಗರು ಬರುವುದಿಲ್ಲವೇ ಅಂತ ಕೇಳಬೇಕು ಅನ್ನಿಸಿತು. ಅಡಿಕೆ ಮರ ಹತ್ತುವ ಕೊನೆಗೌಡರು ಸಿಗದೆ ಅಪ್ಪ ಪ್ರತಿ ವರ್ಷ ಪಡುವ ಪಾಡು ನೆನಪಾಗಿ ಕೇಳಲಿಲ್ಲ.

ಬರೋಲೋ ಊರು ತಟ್ಟೆಯ ನಡುವೆ ಇಟ್ಟ ಉಂಡೆಯ ಹಾಗೆ, ಸುತ್ತ ಗುಡ್ಡ. ಅಲ್ಲಿ ಒಂದು ನೆಲಮಾಳಿಗೆಗೆ ಹನ್ನೊಂದಕ್ಕೆ ಹೆಸರು ಬರೆಸಿದ್ದೆವು. ಆನೆಯಷ್ಟು ಎತ್ತರದ ಓಕ್ ಪೀಪಾಯಿಗಳು. ಹನ್ನೊಂದು ಊರುಗಳ ನೆಬ್ಬಿಯೋಲೋಗೆ ಮಾತ್ರ ಬರೋಲೋ ಅನ್ನುವ ಹೆಸರು. 38 ತಿಂಗಳು ಇಟ್ಟು ಆಮೇಲೆ ಮಾರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ಒಗರು ಕಳೆಯಲು ಅಷ್ಟು ಕಾಲ. ತೋರಿಸಿದ ಹೆಂಗಸು ಔಷಧಿ ಹೊಡೆಯುವ ಮಾತೂ ತೆಗೆದಳು. ಯುರೋಪಿನಲ್ಲಿ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋಗಿಂತ ಜಾಸ್ತಿ ತಾಮ್ರ ಹಾಕುವ ಹಾಗಿಲ್ಲವಂತೆ. ತಾಮ್ರ ಯಾಕೆ ಬಂತು ಅಂತ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಇನ್ನರ್ಧ ಬ್ಯಾಟರಿಯ ಮೇಲಿತ್ತು.

ಬರೋಲೋದಿಂದ ಲಾ ಮೊರ್ರಾ ಎಷ್ಟೋ ದೂರ ಏನಿಲ್ಲ. ಆದರೆ ಬರೋಲೋ ಇರುವುದು 301 ಮೀಟರಿನಲ್ಲಿ, ಲಾ ಮೊರ್ರಾ 513ರಲ್ಲಿ. ದ್ರಾಕ್ಷಿ ಸಾಲುಗಳ ನಡುವಿನ ಸಣ್ಣ ದಾರಿ ಹಿಡಿದೆವು. ಮೂರನೇ ತಿರುವಿನಲ್ಲಿ ಬೆನ್ನಿಗಿದ್ದ ಕೈ ಹೋಯಿತು. ಹೋಯಿತು ಅಂದರೆ ಹೋಯಿತು. 24 ಕಿಲೋ ಕಬ್ಬಿಣ ನನ್ನ ಕಾಲಿನ ಕೆಳಗೆ ಹಿಂದಕ್ಕೆ ಎಳೆಯತೊಡಗಿತು. ಇಳಿದುಬಿಟ್ಟೆ.

"ಬ್ಯಾಟರಿ ಅದಲು ಬದಲು ಮಾಡೋಣ, ನನ್ನದರಲ್ಲಿ ಮೂರು ಗೆರೆ ಇದೆ" ಅಂದರು ಇವರು. "ನಾನು ಮೋಟರ್ ಇಲ್ಲದೆ ಬರ್ತೀನಿ. ಅದೇ ತಾನೇ ನಿಜವಾದ ಸೈಕಲ್ಲು." ಕೀಲಿ ತಿರುಗಿಸಿ ಎರಡೂ ಬ್ಯಾಟರಿ ಬದಲಿಸಿದರು. ಹತ್ತಿದರು. ನಾನು ಎಣಿಸಿದೆ. ನಲವತ್ತು ತುಳಿತ ಆಗಿರಬಹುದು. ಇಳಿದು ತಳ್ಳತೊಡಗಿದರು. ನಂದಿ ಬೆಟ್ಟಕ್ಕೆ ತಗೊಂಡು ಹೋಗುವ ಸೈಕಲ್ 9 ಕಿಲೋ, ಇದು ಬೇರೆ ಅಂದರು. ನಾನು ಏನೂ ಅನ್ನಲಿಲ್ಲ. ನಾನೂ ಇಳಿದು ಜೊತೆಗೆ ತಳ್ಳಿದೆ. ಒಬ್ಬಳೇ ಮೇಲೆ ಹೋಗಿ ಏನು ಮಾಡಲಿ?

ತಳ್ಳುತ್ತಾ ತಳ್ಳುತ್ತಾ ಒಂದು ಪುಟ್ಟ ಚ್ಯಾಪೆಲ್ ಸಿಕ್ಕಿತು. ಮಗುವಿನ ಬಣ್ಣದ ಡಬ್ಬಿ ಮಗುಚಿದ ಹಾಗೆ ಕೆಂಪು, ಹಳದಿ, ನೀಲಿ. 1914ರಲ್ಲಿ ಆಲಿಕಲ್ಲು ಮಳೆ ಬಂದರೆ ತೋಟದವರು ಓಡಿ ಬಂದು ನಿಲ್ಲಲಿ ಅಂತ ಕಟ್ಟಿದ್ದು. ಪೂಜೆ ಗೀಜೆ ಯಾವತ್ತೂ ಆಗಿಲ್ಲ. ಪಾಳು ಬಿದ್ದಿದ್ದನ್ನು 1999ರಲ್ಲಿ ಇಬ್ಬರು ಕಲಾವಿದರು, ಸೋಲ್ ಲೆವಿಟ್ ಹೊರಗಿನಿಂದ, ಡೇವಿಡ್ ಟ್ರೆಮ್ಲೆಟ್ ಒಳಗಿನಿಂದ ಬಣ್ಣ ಬಳಿದು ಹೀಗೆ ಮಾಡಿದರು. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಬಂದ ಕಾರುಗಳು. ನಾನು ನೆರಳು ಹುಡುಕಿಕೊಂಡು ಸ್ವಲ್ಪ ಮೇಲೆ ಒಂದು ಸಾಲಿನ ಬುಡಕ್ಕೆ ಹೋಗಿ ಕೂತೆ.

ಅಲ್ಲಿ ನೋಡಿದೆ. ಒಂದು ಹಳೇ ಸಿಮೆಂಟ್ ತೊಟ್ಟಿ, ಪಕ್ಕದಲ್ಲಿ ಬಳ್ಳಿಯ ತಂತಿ ಕಟ್ಟಿದ ಸಿಮೆಂಟ್ ಕಂಬ. ತೊಟ್ಟಿಯ ಒಳಗೆ, ಅಂಚಿನಿಂದ ಕೆಳಗೆ ಇಳಿದ ಹಾಗೆ ನೀಲಿ. ನವಿಲಿನ ಕುತ್ತಿಗೆಯ ನೀಲಿ, ಅದರ ಮೇಲೆ ಬಿಳಿ ಪುಡಿ. ಎದೆ ಝಲ್ ಅಂದಿತು. ನಮ್ಮ ಮನೆಯ ಹಿತ್ತಿಲ ತೊಟ್ಟಿಗೂ ಇದೇ ಬಣ್ಣ. ಆಷಾಢದಲ್ಲಿ ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಅಪ್ಪ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸಿ ಸುಣ್ಣದ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಅದು, ಒಂದು ಕಿಲೋ ಇದು. ಅಡಿಕೆಯ ಕೊಳೆರೋಗಕ್ಕೆ ಮದ್ದು. ಕೊನೆಗೌಡ ಮರದ ಮೇಲೆ ಕೂತು ಹೊಡೆದರೆ ಕೆಳಗಿದ್ದ ನಮ್ಮ ಕೂದಲೆಲ್ಲ ನೀಲಿ.

ಬೋರ್ಡೋ ಅನ್ನುವುದು ಊರಿನ ಹೆಸರು ಅಂತ ಗೊತ್ತಿತ್ತು. ಆದರೆ ತಲೆಯಲ್ಲಿ ಕೂತಿರಲಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬರಲಿಲ್ಲ ಅನ್ನುವುದನ್ನು ಮಿಲ್ಲರ್ಡೆ ಅನ್ನುವ ಸಸ್ಯ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅದನ್ನೇ 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ನಮ್ಮ ಮಲೆನಾಡಿನ ಅಡಿಕೆಗೆ ತಂದರು. ಅದಕ್ಕೂ ಮುಂಚೆ ನಮ್ಮ ಅಜ್ಜಂದಿರು ಅಡಿಕೆ ಗೊನೆಗೆ ಕೊಟ್ಟೆ ಅನ್ನುವ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು.

ಸಾಲಿನ ಆಚೆಯಿಂದ ಒಬ್ಬ ಮುದುಕ ಕತ್ತರಿ ಹಿಡಿದು ಬಂದ. ಯಾರೋ ಹೆಂಗಸು ಅವನ ತೊಟ್ಟಿಯೊಳಗೆ ಬಗ್ಗಿ ನೋಡುತ್ತಾ ಬೆರಳಲ್ಲಿ ಕೆರೆಯುತ್ತಿದ್ದರೆ ಅವನಿಗೂ ಆಶ್ಚರ್ಯವೇ. "ವೆರ್ದೆರಾಮೆ" ಅಂದ. ನಾನು "ಮೈಲುತುತ್ತ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬೆನ್ನಿಗೆ ಕ್ಯಾನ್ ಹೊತ್ತು, ಎಡಗೈಯಲ್ಲಿ ಪಂಪು ಒತ್ತುತ್ತಾ, ಬಲಗೈಯಲ್ಲಿ ಮೇಲಕ್ಕೆ ಹೊಡೆಯುವ ಹಾಗೆ ಅಭಿನಯಿಸಿದೆ. ಅವನು ನಕ್ಕು, ಅದೇ ಅಭಿನಯ ಕೆಳಮುಖವಾಗಿ ಮಾಡಿದ. ಅವನ ಬಳ್ಳಿ ಸೊಂಟದೆತ್ತರ, ನಮ್ಮ ಮರ ಅರವತ್ತು ಅಡಿ. ಮೊಬೈಲಿನಲ್ಲಿ ತೋಟದ ಫೋಟೋ ತೋರಿಸಿದೆ. ಅಡಿಕೆ ಮರದ ತುದಿಗೆ ಕತ್ತು ಎತ್ತಿ ನೋಡಿದ ಹಾಗೆ ಫೋಟೋವನ್ನೂ ಕತ್ತು ಎತ್ತಿಯೇ ನೋಡಿದ. "ಮಮ್ಮ ಮೀಯಾ" ಅಂದ. ಒಂದು ಗೊಂಚಲು ಕತ್ತರಿಸಿ ಕೊಟ್ಟ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಸಿಹಿ, ಹಿಂದೆಯೇ ಒಗರು.

ಲಾ ಮೊರ್ರಾ ತಲುಪಿದಾಗ ಎರಡು ಮುಕ್ಕಾಲು. ಅಡುಗೆಮನೆ ಬಂದ್. ಚಾರ್ಜರ್ ಮಾತ್ರ ರೂಮಿನಲ್ಲಿ ಸೂಟ್‌ಕೇಸಿನೊಳಗೆ ಸುಖವಾಗಿ ಮಲಗಿತ್ತು. ಅವತ್ತು ರಾತ್ರಿ ಪ್ಲಗ್ ಹಾಕುವ ಮುಂಚೆ ಆ ಕೋಣೆಯ ಎಲ್ಲ ಸ್ವಿಚ್ಚನ್ನೂ ಒಂದೊಂದಾಗಿ ಒತ್ತಿ ಪರೀಕ್ಷೆ ಮಾಡಿದೆ.

ಐದನೇ ದಿನ ಪೂರ್ತಿ ಇಳಿಜಾರೇ. ವೆರ್ದೂನೋ ಊರಲ್ಲಿ ಪೆಲವೆರ್ಗಾ ಅನ್ನುವ, ಬೇರೆ ಕಡೆ ಅಷ್ಟಾಗಿ ಕಾಣದ ದ್ರಾಕ್ಷಿಯ ವೈನ್ ರುಚಿ ನೋಡಿದೆವು. ತೆಳ್ಳಗೆ, ಕರಿಮೆಣಸಿನ ಘಾಟು, ನನಗೆ ಬರೋಲೋಗಿಂತ ಇದೇ ಇಷ್ಟವಾಯಿತು ಅಂದರೆ ತಿಳಿದವರು ನಗಬಹುದು. ಆರನೇ ದಿನ ಬೆಳಿಗ್ಗೆ ಪೊಲ್ಲೆನ್ಸೋ ದಾಟಿ ಬ್ರಾ ಸೇರಿದೆವು. ಪೊಲ್ಲೆನ್ಸೋದಲ್ಲಿ ಊಟವನ್ನೇ ಓದುವ ವಿಶ್ವವಿದ್ಯಾಲಯ ಇದೆ, 2004ರಲ್ಲಿ ಶುರುವಾದದ್ದು. ರೋಮಿನಲ್ಲಿ 1986ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ವಿರುದ್ಧ ಎದ್ದ ಸ್ಲೋ ಫುಡ್ ಚಳವಳಿಯ ಕಾರ್ಲೋ ಪೆಟ್ರೀನಿ ಬ್ರಾ ಊರಿನವರು. ಅವರ ಗುರುತು ಬಸವನಹುಳು. ಸತ್ತ ಬ್ಯಾಟರಿಯ ಬೈಕ್ ತಳ್ಳಿಕೊಂಡು ಬಂದವರಿಗೆ ಅದಕ್ಕಿಂತ ಒಳ್ಳೆಯ ಸ್ವಾಗತ ಇಲ್ಲ.

ಬೈಕ್ ವಾಪಸ್ ಕೊಡುವಾಗ ಮತ್ತೆ ಅದೇ ಹುಡುಗ. "ಏನಾದರೂ ತೊಂದರೆ?" ಅಂದ. ಇವರು ಥಟ್ಟನೆ "ಇಲ್ಲ ಇಲ್ಲ, ಬೈಕ್ ಸೂಪರ್" ಅಂದರು. ಬೆಂಗಳೂರಿಗೆ ಬಂದ ಮೇಲೆ ಎಲೆಕ್ಟ್ರಿಕ್ ಬೈಕಿನ ರೇಟು ನೋಡುತ್ತಿದ್ದಾರೆ. ನನಗಂತೆ.

ಬ್ರಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಅಪ್ಪನಿಗೆ ವಾಟ್ಸಪ್‌ನಲ್ಲಿ ತೊಟ್ಟಿಯ ಫೋಟೋ ಕಳಿಸಿದೆ. ಚ್ಯಾಪೆಲ್ಲು, ಕೋಟೆ, ಟ್ರಫಲ್ ಎಲ್ಲ ಮೊದಲೇ ಕಳಿಸಿದ್ದೆ. ಅವಕ್ಕೆಲ್ಲ ಒಂದೊಂದು ಹೆಬ್ಬೆಟ್ಟು ಬಂದಿತ್ತು, ಅಷ್ಟೆ. ಇದಕ್ಕೆ ಫೋನೇ ಬಂತು. ಏಳು ವರ್ಷಕ್ಕೆ 28 ಕಿಲೋ ಲೆಕ್ಕ ಹೇಳಿದೆ. "ಅಷ್ಟು ಕಮ್ಮಿಗೆ ಕೊಳೆ ನಿಲ್ತದಾ?" ಅಂದರು. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು ಅಂತ ಕಾಣುತ್ತದೆ, ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಸುಣ್ಣ ಸಾಕಾಗಿದೆಯಾ ಅಂತ ಅವರು ಕತ್ತಿ ಅದ್ದಿ ನೋಡ್ತಾರಾ? ಕೇಳಿದ್ಯಾ?"

ಕೇಳಿರಲಿಲ್ಲ.